ಇವತ್ತು ಯಾವ ವಿಚಾರಣೆ, ಸ್ವಾಮಿ?

ಮಾನ್ಯರೇ,

ನ್ಯಾಯಾಲಯದ ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಪ್ರತಿದಿನ ಬೆಳಿಗ್ಗೆ ಒಂದು ಪಟ್ಟಿ ಅಂಟಿಸುವ ಕಚೇರಿಯ ಮುಖ್ಯಸ್ಥರು ತಾವು. ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ, ನ್ಯಾಯಾಧೀಶರ ಬಗ್ಗೆಯಂತೂ ಇಲ್ಲವೇ ಇಲ್ಲ. ನನ್ನ ದೂರು ಆ ಪಟ್ಟಿಯ ಮೂರನೆಯ ಕಾಲಮ್ಮಿನ ಮೇಲೆ. ಮೊದಲನೆಯದರಲ್ಲಿ ದಾವೆಯ ಸಂಖ್ಯೆ ಇರುತ್ತದೆ, ಎರಡನೆಯದರಲ್ಲಿ ಜಗಳವಾಡುವವರ ಹೆಸರು, ಮೂರನೆಯದರಲ್ಲಿ ಆ ದಿನ ಏನು ನಡೆಯುತ್ತದೆ ಎಂಬ ವಿವರ. ನಾಲ್ಕು ವರ್ಷಗಳಲ್ಲಿ ಹದಿನೇಳು ಸಲ ನಾನು ಆ ಗಾಜಿಗೆ ಮೂಗು ಒತ್ತಿ ನಿಂತಿದ್ದೇನೆ. ಹದಿನೇಳು ಸಲವೂ ನಮ್ಮ ಸಂಖ್ಯೆಯ ಎದುರು ಇದ್ದದ್ದು ಒಂದೇ ಪದ: ವಿಚಾರಣೆ. ಆ ಪದವನ್ನು ನಂಬಿ ನಾವು ಸಾಕ್ಷಿ ಬೇಡದ ದಿನ ಸಾಕ್ಷಿಯನ್ನು ಕರೆತಂದೆವು, ಮಾತಾಡಬೇಕಾದ ದಿನ ಬಾಯಿ ಮುಚ್ಚಿ ಕೂತೆವು, ಸಾಕ್ಷಿ ಬೇಕಾದ ದಿನ ಅವರನ್ನು ಮನೆಯಲ್ಲೇ ಬಿಟ್ಟು ಬಂದೆವು. ಇದು ನಿಮ್ಮ ದಡ್ಡತನವಷ್ಟೇ ಎಂದು ತಾವು ಹೇಳಬಹುದು. ಹೇಳುವ ಮುನ್ನ ದಯಮಾಡಿ ಪೂರ್ತಿ ಓದಿ. ನಾವು ತಮ್ಮ ಮೊಗಸಾಲೆಯಲ್ಲಿ ಕಾದಷ್ಟು ಹೊತ್ತೇನೂ ಹಿಡಿಯುವುದಿಲ್ಲ.

ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಇಪ್ಪತ್ತಾರು ವರ್ಷಗಳಿಂದ ಬೇರೆಯವರ ಕಾಗುಣಿತದ ತಪ್ಪಿನಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ. ಹಾಗಾಗಿ ಪದಗಳ ವಿಷಯದಲ್ಲಿ ನನ್ನನ್ನು ಯಾರೂ ಯಾಮಾರಿಸಲಾರರು ಎಂಬ ಜಂಬ ನನಗಿತ್ತು. ಅದನ್ನು ಇಳಿಸಿದ್ದಕ್ಕೆ ತಮ್ಮ ಕಚೇರಿಗೆ ಮೊದಲ ಧನ್ಯವಾದ. ವಿಚಾರಣೆ ಎಂದರೆ ವಿಚಾರಿಸುವುದು. ಕಾಯಿಲೆ ಬಿದ್ದವರ ಮನೆಗೆ ಹೋಗಿ ನೆಂಟರು ವಿಚಾರಿಸುತ್ತಾರೆ. ಮಗಳು ತಡವಾಗಿ ಬಂದರೆ ತಾಯಿ ವಿಚಾರಿಸುತ್ತಾಳೆ. ಪೊಲೀಸರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ವಿಚಾರಿಸಿಕೊಳ್ಳುತ್ತಾರೆ. ಎಲ್ಲ ಕಡೆಯೂ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ಯಾರನ್ನೂ ಏನೂ ಕೇಳದೆ ಮುಗಿದುಹೋಗುವ ವಿಚಾರಣೆಯೂ ಉಂಟೆಂದು ನಿಘಂಟು ನಂಬಿ ಬದುಕುವವನಿಗೆ ಹೇಗೆ ಗೊತ್ತಾಗಬೇಕು? ಆರನೆಯ ಸಲ ಹೋದಾಗ ತಮ್ಮ ಪಟ್ಟಿಯಲ್ಲಿ ‘ಚಾ’ದ ದೀರ್ಘ ಬಿಟ್ಟುಹೋಗಿ ‘ವಿಚರಣೆ’ ಎಂದು ಅಚ್ಚಾಗಿತ್ತು. ವಿಚರಿಸುವುದು ಎಂದರೆ ಅಲೆದಾಡುವುದು. ನನ್ನ ಕೈ ತಾನಾಗಿಯೇ ಜೇಬಿನ ಪೆನ್ಸಿಲಿಗೆ ಹೋಯಿತು. ಗಾಜು ಅಡ್ಡ ಬಂತು. ಆಮೇಲೆ ಯೋಚಿಸಿದರೆ ತಿದ್ದುವಂಥದ್ದೇನೂ ಇರಲಿಲ್ಲ. ಇಡೀ ಪಟ್ಟಿಯಲ್ಲಿ ನಿಜ ಹೇಳುತ್ತಿದ್ದ ಪದ ಅದೊಂದೇ.

ನಮ್ಮ ಜಗಳ ಒಂದು ಕಿಟಕಿಯದು. ನನ್ನ ಹೆಂಡತಿ ರಫೂ ಕೆಲಸದವಳು. ಮೊಳೆಗೆ ಸಿಕ್ಕು ಹರಿದ ಕೋಟು, ಇಲಿ ಕಡಿದ ಶಾಲು, ಕಿಡಿ ಬಿದ್ದು ತೂತಾದ ಪ್ಯಾಂಟು, ಇವನ್ನು ಎಳೆಗೆ ಎಳೆ ಸೇರಿಸಿ, ಹರಿದಿತ್ತೆಂಬುದೇ ಗೊತ್ತಾಗದ ಹಾಗೆ ಮಾಡಿಕೊಡುತ್ತಾಳೆ. ಅವಳ ತಾಯಿಯದೂ ಅದೇ ಕಸುಬು, ಅದೇ ಕೋಣೆ, ಅದೇ ಕಿಟಕಿ. ಮನೆ ನನ್ನ ಮಾವ ಕಟ್ಟಿಸಿದ್ದು, ಈಗ ಅವಳ ಹೆಸರಿನಲ್ಲಿದೆ, ನಾನು ಮನೆಯಳಿಯ. ಪಕ್ಕದ ಖಾಲಿ ಜಾಗವನ್ನು ಟೈರ್ ಅಂಗಡಿಯ ಯಜಮಾನರೊಬ್ಬರು ಕೊಂಡರು. ಒಂದು ಬುಧವಾರ ನಾನು ಕೆಲಸದಿಂದ ಬರುವಷ್ಟರಲ್ಲಿ ಕಿಟಕಿಯಿಂದ ಒಂದು ಗೇಣು ಆಚೆಗೆ, ಸೂರಿನವರೆಗೂ, ತಗಡು ಎದ್ದು ನಿಂತಿತ್ತು. ಅದರ ಹಿಂದೆ ಹಳೆಯ ಟೈರುಗಳ ರಾಶಿ. ಹಗಲು ಹನ್ನೊಂದು ಗಂಟೆಗೆ ನನ್ನ ಹೆಂಡತಿ ದೀಪ ಹಾಕಿಕೊಂಡು ಸೂಜಿಗೆ ದಾರ ಪೋಣಿಸುವ ಹಾಗಾಯಿತು. ದೀಪದ ಬೆಳಕಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ, ಮಾನ್ಯರೇ. ಎರಡೇ ತಿಂಗಳಲ್ಲಿ ಒಬ್ಬ ಬ್ಯಾಂಡ್ ಮಾಸ್ತರರ ಕಪ್ಪು ಕೋಟಿಗೆ ಕಡುನೀಲಿ ದಾರ ಬಿತ್ತು. ಆತ ಬಿಸಿಲಿಗೆ ಹಿಡಿದು ನೋಡಿ, ಏನೂ ಅನ್ನದೆ, ಕೋಟನ್ನು ಮಡಚಿಕೊಂಡು ಹೋದರು. ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಯಜಮಾನರ ಬಳಿ ಹೋಗಿ ಕೇಳಿದೆವು. ಅವರು ನಗುನಗುತ್ತಲೇ, ಆ ಕಿಟಕಿ ಮೊದಲಿನಿಂದ ಇದ್ದದ್ದಲ್ಲ, ತಾವು ಜಾಗ ಕೊಳ್ಳುವ ಸುದ್ದಿ ತಿಳಿದು ನಾವೇ ಗೋಡೆ ಒಡೆದು ಇಟ್ಟುಕೊಂಡದ್ದು ಎಂದರು. ಅಲ್ಲಿಗೆ ಪ್ರಶ್ನೆ ಒಂದೇ ಉಳಿಯಿತು. ಕಿಟಕಿ ಹಳೆಯದೋ ಹೊಸದೋ? ಅದಕ್ಕೆ ಉತ್ತರ ಹೇಳಬಲ್ಲ ಮನುಷ್ಯ ಇಡೀ ಊರಿನಲ್ಲಿ ಒಬ್ಬರೇ ಉಳಿದಿದ್ದರು: ನಲವತ್ತೊಂದು ವರ್ಷದ ಹಿಂದೆ ಆ ಗೋಡೆ ಕಟ್ಟಿದ ಮೇಸ್ತ್ರಿ. ಬೀದಿಯವರೆಲ್ಲ ಗಾರೆ ತಾತ ಎಂದು ಕರೆಯುವ ಅವರಿಗೆ ಆಗಲೇ ಎಪ್ಪತ್ತೆಂಟು. ಕೇಳಿದ ಕೂಡಲೇ ಒಪ್ಪಿದರು. ನಾವು ದಾವೆ ಹೂಡಿದೆವು.

ಮೊದಲ ವಿಚಾರಣೆ. ನನ್ನ ಹೆಂಡತಿ ಹಿಂದಿನ ದಿನವೆಲ್ಲ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ್ದಳು. ತಾತ ಕಾಲರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬೂದು ಬಣ್ಣಕ್ಕೆ ತಿರುಗಿದ ಅಳತೆ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಹತ್ತೂವರೆಯಿಂದ ಕಾದೆವು. ಒಂದೂಕಾಲಿಗೆ ನಮ್ಮ ಸಂಖ್ಯೆ ಕೂಗಿದರು. ನಾನು ಎದ್ದು ಮುಂದೆ ಹೋದೆ. ನೀವು ಯಾರು ಎಂದು ಕೇಳಿದರು. ವಾದಿಯ ಗಂಡ ಎಂದೆ. ಹಾಗಾದರೆ ಹಿಂದೆ ಕೂತುಕೊಳ್ಳಿ ಎಂದರು. ನಾನು ತಿರುಗಿ ಕೂರುವಷ್ಟರಲ್ಲಿ ವಿಚಾರಣೆ ಮುಗಿದಿತ್ತು. ನಮ್ಮ ವಕೀಲರು ಎರಡು ವಾಕ್ಯ ಆಡಿದ್ದರು, ನ್ಯಾಯಾಧೀಶರು ಒಂದು ಪದ. ದಾವೆಯನ್ನು ತೆಗೆದುಕೊಂಡಿದ್ದಾರೆ, ಎದುರಿನವರಿಗೆ ತಿಳಿವಳಿಕೆ ಪತ್ರ ಹೋಗುತ್ತದೆ, ಇವತ್ತಿಗೆ ಇಷ್ಟೇ ಎಂದು ವಕೀಲರು ಹೊರಗೆ ಬಂದು ವಿವರಿಸಿದರು. ಅಂದರೆ ಅದು ನಮ್ಮ ಕಾಗದಕ್ಕೆ ಒಳಗೆ ಬಾ ಎನ್ನುವ ದಿನ, ನಮಗಲ್ಲ. ಇದನ್ನು ಪಟ್ಟಿಯಲ್ಲಿ ಬರೆಯಲು ಎಷ್ಟು ಶಾಯಿ ಬೇಕಿತ್ತು?

ಎರಡನೆಯ ವಿಚಾರಣೆ ನಿಜಕ್ಕೂ ತೂಕದ್ದು. ದಾವೆ ಮುಗಿಯುವವರೆಗೆ ತಗಡು ಇರಬೇಕೋ ತೆಗೆಯಬೇಕೋ ಎಂಬ ತಾತ್ಕಾಲಿಕ ಆದೇಶದ ದಿನ. ಆ ದಿನ ವಕೀಲರು ವಾದಿಸುತ್ತಾರೆ, ಫೋಟೋ ತೋರಿಸುತ್ತಾರೆ, ಸಾಕ್ಷಿಯ ಬಾಯಿ ಬಿಡಿಸುವುದಿಲ್ಲ. ನಾವು ತಾತನನ್ನು ಕರೆದೊಯ್ದಿದ್ದೆವು. ಫೋಟೋವನ್ನು ಮನೆಯಲ್ಲಿ ಬಿಟ್ಟಿದ್ದೆವು. ಬದುಕಿರುವ ಮೇಸ್ತ್ರಿಯೇ ಜೊತೆಯಲ್ಲಿರುವಾಗ ಫೋಟೋ ಯಾಕೆ ಎಂದುಕೊಂಡಿದ್ದೆವು. ಯಜಮಾನರ ಕಡೆಯವರು ಹನ್ನೆರಡು ಫೋಟೋ ತಂದಿದ್ದರು, ಎಲ್ಲವೂ ಟೈರಿನವೇ, ಆದರೂ ಫೋಟೋ ಫೋಟೋವೇ. ಆದೇಶ ಬಂತು: ಯಥಾಸ್ಥಿತಿ ಕಾಪಾಡುವುದು. ಅದರ ಅರ್ಥವನ್ನು ನಾನು ಹೆಂಡತಿಗೆ ಬಿಡಿಸಿ ಹೇಳಬೇಕಾಯಿತು. ಹೊಸ ತಗಡು ಬರಬಾರದು, ಇದ್ದದ್ದು ಹೋಗಬಾರದು. “ಅಂದ್ರೆ ಕತ್ತಲೇನ ಕಾಪಾಡ್ಬೇಕು ಅಂತ,” ಎಂದಳು. ಅವಳ ಭಾಷಾಂತರದಲ್ಲಿ ನಾನು ಒಂದಕ್ಷರವನ್ನೂ ತಿದ್ದಲಿಲ್ಲ.

ಆಮೇಲಿನ ನಾಲ್ಕು ಸಲ ಎದುರಿನವರು ತಮ್ಮ ಉತ್ತರ ಸಲ್ಲಿಸಲು ಸಮಯ ಕೇಳಿದರು. ಸಮಯ ಕೇಳುವುದಕ್ಕೂ ವಿಚಾರಣೆ ಎನ್ನುತ್ತಾರೆಂದು ಆಗ ತಿಳಿಯಿತು. ಅದರಲ್ಲಿ ಒಂದು ಸಲ ತಾತನೂ ಬಂದಿದ್ದರು. ಅವರು ಬರಿಗೈಯಲ್ಲಿ ವಾಪಸಾಗುವ ಜನವಲ್ಲ. ಮೊಗಸಾಲೆಯ ಬೆಂಚಿನ ಮೇಲೆ ಕೂತು ಟೈಪಿಸ್ಟಿಗೆ, ಚಹಾ ಮಾರುವವನಿಗೆ, ಪಕ್ಕದಲ್ಲಿ ಕೂತಿದ್ದ ವಿಚ್ಛೇದನದ ದಂಪತಿಗೆ, ಕಿಟಕಿ ಇಟ್ಟ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಆ ದಂಪತಿ ಅಂದು ಮೊದಲ ಸಲ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು. ಕಿಟಕಿ ಹಳೆಯದೇ ಎಂದು ಇಬ್ಬರೂ ಒಪ್ಪಿದರು.

ಏಳನೆಯ ದಿನದ ಬಗ್ಗೆ ಹೇಳಲು ನನಗೆ ನಾಚಿಕೆಯಾಗುತ್ತದೆ. ಆ ಹೊತ್ತಿಗೆ ನಮ್ಮ ವಕೀಲರು ಹೆಂಡತಿಗೆ ಚೆನ್ನಾಗಿ ಪಾಠ ಹೇಳಿದ್ದರು: ಕೇಳದೆ ಬಾಯಿ ತೆರೆಯಬಾರದು, ಏನಿದ್ದರೂ ನಾನು ನೋಡಿಕೊಳ್ಳುತ್ತೇನೆ. ಪಟ್ಟಿಯಲ್ಲಿ ಎಂದಿನಂತೆ ವಿಚಾರಣೆ. ಆದರೆ ನಮ್ಮನ್ನು ಬೇರೆ ಕೋಣೆಗೆ ಕರೆದೊಯ್ದರು. ಎತ್ತರದ ಪೀಠ ಇರಲಿಲ್ಲ. ದುಂಡು ಮೇಜು, ಬಿಸ್ಕತ್ತಿನ ತಟ್ಟೆ, ಮೇಜಿನ ಆಚೆ ಕನ್ನಡಕದ ಒಬ್ಬ ಹೆಂಗಸು. ಯಜಮಾನರು ಬಿಸ್ಕತ್ತು ತಿನ್ನುತ್ತಾ ಅರ್ಧ ಗಂಟೆ ಮಾತಾಡಿದರು. ನನ್ನ ಹೆಂಡತಿ ಕೈಕಟ್ಟಿಕೊಂಡು ಕೂತಿದ್ದಳು. ಆ ಹೆಂಗಸು ಎರಡು ಸಲ, ನಿಮಗೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಇವಳು ಎರಡು ಸಲವೂ, ಎಲ್ಲ ನಮ್ಮ ವಕೀಲರು ಹೇಳುತ್ತಾರೆ ಎಂದಳು. ವಕೀಲರು ಇನ್ನೊಂದು ಮಹಡಿಯಲ್ಲಿ ಇನ್ನೊಂದು ದಾವೆಯಲ್ಲಿದ್ದರು. ಅದು ಸಂಧಾನದ ಕೋಣೆಯಂತೆ. ತಮ್ಮ ಇಡೀ ಕಟ್ಟಡದಲ್ಲಿ ಕಕ್ಷಿದಾರರು ವಕೀಲರಿಲ್ಲದೆ, ಕಾನೂನಿನ ಭಾಷೆಯಿಲ್ಲದೆ, ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಬಹುದಾದ ಏಕೈಕ ಕೋಣೆ. ಅಲ್ಲಿ ನಾವು ಮೂಕರಾಗಿ ಕೂತು ಬಂದೆವು. ಕಡತದಲ್ಲಿ ‘ವಾದಿಗೆ ರಾಜಿಯಲ್ಲಿ ಆಸಕ್ತಿ ಕಂಡುಬರಲಿಲ್ಲ’ ಎಂದು ದಾಖಲಾಯಿತು. ಹಿಂತಿರುಗುವಾಗ ಬಸ್ಸಿನಲ್ಲಿ ನನ್ನ ಹೆಂಡತಿ ಅತ್ತಳು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವಳು ಬಸ್ಸಿನಲ್ಲಿ ಅತ್ತದ್ದು ಅದೊಂದೇ ಸಲ.

ಎಂಟನೆಯ ದಿನ ತಾತ ನಾಲ್ಕನೆಯ ಸಲ ಬಂದರು. ಅಂದು ನ್ಯಾಯಾಧೀಶರು, ಈ ದಾವೆಯಲ್ಲಿ ಯಾವ ಯಾವ ಪ್ರಶ್ನೆಗೆ ಉತ್ತರ ಸಿಗಬೇಕು ಎಂಬುದನ್ನು ಬರೆಸಿದರು. ಮೊದಲ ಪ್ರಶ್ನೆಯೇ, ‘ಸದರಿ ಕಿಟಕಿಯು ಹಿಂದಿನಿಂದಲೂ ಇದ್ದುದೇ?’ ಎಂದು. ಉತ್ತರ ಬಲ್ಲವರು ಬಾಗಿಲ ಆಚೆ ಹನ್ನೆರಡು ಹೆಜ್ಜೆ ದೂರದಲ್ಲಿ ಬಿಳಿ ಅಂಗಿ ತೊಟ್ಟು ಕೂತಿದ್ದರು. ಆದರೆ ಅದು ಪ್ರಶ್ನೆ ಬರೆಯುವ ದಿನ. ಉತ್ತರ ಕೇಳುವ ದಿನ ಬೇರೆ. ತಾತ ಇದನ್ನು ಕೇಳಿ, ಇನ್ನು ನನ್ನನ್ನು ಕರೆಯಬೇಡಿ, ಅವರಿಗೆ ಬೇಕಾದಾಗ ಅವರೇ ಹೇಳಿ ಕಳಿಸಲಿ ಎಂದು ಹೇಳಿ, ನಾಲ್ಕು ಸಲ ತಂದು ನಾಲ್ಕು ಸಲ ವಾಪಸ್ ಒಯ್ದ ಅಳತೆ ಪಟ್ಟಿಯನ್ನು ಸುತ್ತಿ ಜೇಬಿಗಿಟ್ಟುಕೊಂಡು ಹೊರಟುಹೋದರು.

ಆಮೇಲೆ ಹೆಂಡತಿಯ ಹೇಳಿಕೆ ಆಯಿತು, ಎದುರಿನ ವಕೀಲರಿಂದ ಪಾಟೀಸವಾಲು ಆಯಿತು, ಅಂದರೆ ಹೇಳಿದ್ದನ್ನು ತಿರುಗಾ ಮುರುಗಾ ಕೇಳಿ ಅಲುಗಾಡಿಸಿ ನೋಡುವುದು. ಒಂದು ದಿನ ನ್ಯಾಯಾಧೀಶರಿಗೆ ರಜೆ. ಮುಂದಿನ ದಿನಾಂಕ ಯಾತಕ್ಕೆ ಎಂದು ನಾನು ತಮ್ಮ ಕಚೇರಿಯ ಕಿಂಡಿಯಲ್ಲಿ ಕೇಳಿದೆ. ಒಳಗಿದ್ದವರು ಪುಸ್ತಕ ತಿರುವಿ ವಿಚಾರಣೆ ಎಂದರು. ಯಾವ ವಿಚಾರಣೆ ಎಂದೆ. ತಲೆಯೆತ್ತಿ ನೋಡಿದರು. ಅಂಥ ಪ್ರಶ್ನೆಯನ್ನು ಅವರಿಗೆ ಅದುವರೆಗೆ ಯಾರೂ ಕೇಳಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ನಮ್ಮ ವಕೀಲರ ಗುಮಾಸ್ತರೂ ತಮ್ಮ ಪಟ್ಟಿಯನ್ನೇ ನೋಡಿ, ಬರೀ ಹಾಜರಿ ಇರಬೇಕು ಎಂದರು. ನಾವಿಬ್ಬರೇ ಹೋದೆವು.

ಹನ್ನೊಂದು ಇಪ್ಪತ್ತಕ್ಕೆ ನಮ್ಮ ಸಂಖ್ಯೆ ಬಂತು. ಸಾಕ್ಷಿ ಎಲ್ಲಿ ಎಂದು ನ್ಯಾಯಾಧೀಶರು ಕೇಳಿದರು. ನಮ್ಮ ವಕೀಲರು ನಮ್ಮತ್ತ ನೋಡಿದರು, ನಾವು ಅವರತ್ತ ನೋಡಿದೆವು. ಸಾಕ್ಷಿ ಇಲ್ಲ, ವಾದಿಯ ಕಡೆಯ ಸಾಕ್ಷ್ಯ ಮುಕ್ತಾಯ ಎಂದು ಬರೆಸುತ್ತಿರುವಾಗ ನನ್ನ ಹೆಂಡತಿ ಎದ್ದು ನಿಂತಳು. ವಕೀಲರು ಕೂರುವಂತೆ ಸನ್ನೆ ಮಾಡಿದರು. ಅವಳು ಕೂರಲಿಲ್ಲ.

“ಸ್ವಾಮಿ, ನಾಲ್ಕು ಸಲ ಅವ್ರನ್ನ ಕರ್ಕೊಂಡು ಬಂದಿದ್ದೀವಿ. ನಾಲ್ಕು ಸಲಾನೂ ಇವತ್ತಲ್ಲ ಅಂದ್ರು. ಇವತ್ತೇ ಅಂತ ನಮಗೆ ಯಾರೂ ಹೇಳಲಿಲ್ಲ. ಹೊರಗಡೆ ಪಟ್ಟಿಲಿ ನೋಡಿ, ಎಲ್ಲ ದಿನಕ್ಕೂ ಒಂದೇ ಬರ್ದಿದೆ.”

ನ್ಯಾಯಾಧೀಶರು ಬರೆಸುವುದನ್ನು ನಿಲ್ಲಿಸಿ, ಪಟ್ಟಿ ತರಿಸಿ, ನೋಡಿದರು. ತಮ್ಮ ಪಟ್ಟಿಯನ್ನು ಅವರು ಎಷ್ಟು ಹೊತ್ತು ನೋಡಿದರೆಂದು ತಾವು ಅಲ್ಲಿದ್ದು ಕಾಣಬೇಕಿತ್ತು. ಆಮೇಲೆ ಮಧ್ಯಾಹ್ನ ಮೂರರವರೆಗೆ ಸಮಯ ಕೊಟ್ಟರು.

ನಾನು ಓಡಿದೆ. ಐವತ್ತಮೂರು ವರ್ಷದ, ಕೂತು ಕೆಲಸ ಮಾಡುವ ಮನುಷ್ಯ ಓಡುವುದನ್ನು ಓಟ ಎನ್ನಬಹುದಾದರೆ. ಎರಡು ಬಸ್ಸು ಬದಲಿಸಿ ಊರಿನ ಆಚೆ ತುದಿಯ ತಾತನ ಮಗಳ ಮನೆ ತಲುಪುವಾಗ ಒಂದು ಗಂಟೆ. ತಾತ ಹಿತ್ತಿಲಲ್ಲಿ ನೀರಿನ ತೊಟ್ಟಿಯ ಬಿರುಕಿಗೆ ಸಿಮೆಂಟು ಮೆತ್ತುತ್ತಿದ್ದರು. ನಾನು ಏದುಸಿರಿನಲ್ಲೇ ವಿಷಯ ಹೇಳಿದೆ. ಅವರು ಕರಣೆಯನ್ನು ಕೆಳಗಿಡಲಿಲ್ಲ.

“ಇವತ್ತು ನಿಜವಾಗ್ಲೂ ಕೇಳ್ತಾರಾ?”

“ಕೇಳ್ತಾರೆ ತಾತ.”

“ಹೋದ ಸಲಾನೂ ನೀನು ಹಿಂಗೇ ಅಂದಿದ್ದೆ.”

ನಾಲ್ಕು ಸಲ ಸುಳ್ಳು ಹೇಳಿದವನ ಐದನೆಯ ನಿಜಕ್ಕೆ ಏನು ಬೆಲೆ? ಅವರ ಮಗಳೇ ಒಳಗಿನಿಂದ ಅಂಗಿ ತಂದು, ಹೋಗಿ ಬಾ ಅಪ್ಪ, ಆ ಹೆಂಗಸು ಒಬ್ಬಳೇ ಅಲ್ಲಿ ಕಾಯುತ್ತಿರುತ್ತಾಳೆ ಎಂದರು. ತಾತ ಬಿರುಕು ಪೂರ್ತಿ ಮುಚ್ಚಿ, ಕೈ ತೊಳೆದು, ಹೊರಟರು. ನಾವು ಒಳಗೆ ಕಾಲಿಟ್ಟಾಗ ಮೂರಕ್ಕೆ ಎಂಟು ನಿಮಿಷ ಇತ್ತು. ನನ್ನ ಹೆಂಡತಿ ಅಷ್ಟು ಹೊತ್ತೂ ಬಾಗಿಲಿನ ಚೌಕಟ್ಟು ಹಿಡಿದು ನಿಂತೇ ಇದ್ದಳಂತೆ.

ಕಿಟಕಿಯ ಬಗ್ಗೆ ಏನು ಗೊತ್ತು ಎಂದು ಕೇಳಿದಾಗ ತಾತ, ಅದನ್ನು ಆಗಲೇ ಹೇಳಿದ್ದೇನೆ ಎಂದರು. ಎಲ್ಲಿ ಹೇಳಿದಿರಿ ಎಂದು ಎದುರಿನ ವಕೀಲರು ಹುಬ್ಬೇರಿಸಿದರು. ಹೊರಗಿನ ಬೆಂಚಿನ ಮೇಲೆ ಎಂದರು ತಾತ. ನ್ಯಾಯಾಧೀಶರು ನಗು ತಡೆದುಕೊಂಡು, ಒಳಗೂ ಒಂದು ಸಲ ಹೇಳಿ ಎಂದರು. ತಾತ ಹೇಳಿದರು. ಮನೆಯೊಡತಿ ಕೂತು ಹೊಲಿಯುವವರು, ಬೆಳಕು ಅವರ ಮಡಿಲಿಗೇ ಬೀಳಬೇಕೆಂದು ಕಿಟಕಿಯನ್ನು ಮಾಮೂಲಿಗಿಂತ ಒಂದು ಮೊಳ ಕೆಳಗೆ ಇಟ್ಟೆ. ಅದರ ಮೇಲಿನ ಕಲ್ಲು ಎರಡೂ ಕಡೆ ಗೋಡೆಯೊಳಗೆ ಮುಕ್ಕಾಲು ಮೊಳ ಹೋಗಿ ಕೂತಿದೆ. ಆಮೇಲೆ ಗೋಡೆ ಒಡೆದು ಇಡುವ ಕಿಟಕಿಗೆ ಕಲ್ಲು ಹಾಗೆ ಕೂರುವುದಿಲ್ಲ. ಅನುಮಾನವಿದ್ದರೆ ಗಾರೆ ಕೆರೆದು ನೋಡಿ, ಮತ್ತೆ ಮೆತ್ತಿಕೊಡುವುದು ನನ್ನ ಜವಾಬ್ದಾರಿ ಎಂದರು. ಎದುರಿನ ವಕೀಲರು ವಯಸ್ಸು ಕೇಳಿದರು. ಆಗ ಅವರಿಗೆ ಎಂಬತ್ತೊಂದು. ಹಾಗಾದರೆ ನಿನ್ನೆ ಮಧ್ಯಾಹ್ನ ಏನು ಊಟ ಮಾಡಿದಿರಿ, ನೆನಪಿದೆಯೇ ಎಂದರು ವಕೀಲರು.

“ನಿನ್ನೇದು ನೆನಪಿಲ್ಲ ಸ್ವಾಮಿ,” ಎಂದರು ತಾತ. “ನಿನ್ನೆ ನಾನು ಏನೂ ಕಟ್ಟಲಿಲ್ಲ.”

ವಕೀಲರು ಕೂತರು. ಒಟ್ಟು ಹನ್ನೊಂದು ನಿಮಿಷ ಹಿಡಿಯಿತು. ಈ ಹನ್ನೊಂದು ನಿಮಿಷಕ್ಕಾಗಿ ಮುದುಕರೊಬ್ಬರನ್ನು ನಾವು ಮೂರು ವರ್ಷ ಅಲೆಸಿದ್ದೆವು. ಅದಕ್ಕಿಂತ ಹೆಚ್ಚಾಗಿ, ಎಂಟು ನಿಮಿಷದ ಅಂತರದಲ್ಲಿ ಕಳೆದುಕೊಳ್ಳುವುದರಲ್ಲಿದ್ದೆವು. ಎರಡನೆಯ ಬಸ್ಸು ಸಿಗದಿದ್ದರೆ? ತೊಟ್ಟಿಯ ಬಿರುಕು ಇನ್ನೊಂದು ಗೇಣು ಉದ್ದವಿದ್ದಿದ್ದರೆ? ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿರುವುದು ಸರಿ. ಆದರೆ ಅವಳ ಮನೆಗೆ ಬರುವವರ ಕಣ್ಣಿಗೂ ಕಟ್ಟಬೇಕೆಂದು ಯಾವ ಕಾಯಿದೆಯಲ್ಲಿದೆ?

ವಾದದ ದಿನ ತಾತ ಕರೆಯದೆಯೇ ಬಂದರು. ಅವರಿಗೆ ಈಗ ರುಚಿ ಹತ್ತಿತ್ತು. ಅಂದು ಮಾತು ವಕೀಲರದ್ದು ಮಾತ್ರ ಎಂದು ತಿಳಿಸಿದಾಗ ಬೇಸರಪಟ್ಟುಕೊಂಡರು. ತೀರ್ಪಿನ ದಿನ ನಾವು ಮೂವರೂ ದೊಡ್ಡದೊಂದು ಭಾಷಣವನ್ನು ನಿರೀಕ್ಷಿಸಿ ಹೋದೆವು. ನ್ಯಾಯಾಧೀಶರು ಕೊನೆಯ ವಾಕ್ಯ ಮಾತ್ರ ಓದಿದರು: ದಾವೆ ಪುರಸ್ಕೃತ, ಎರಡು ತಿಂಗಳೊಳಗೆ ತಗಡು ತೆಗೆಯತಕ್ಕದ್ದು. ಎರಡು ತಿಂಗಳ ಕೊನೆಯ ದಿನ ಯಜಮಾನರು ತೆಗೆಸಿದರು. ಕೆಲಸಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ನನ್ನ ಹೆಂಡತಿ ಈಗ ಬೆಳಗಿನ ಮೂರು ತಾಸು ಆ ಕಿಟಕಿಯ ಕೆಳಗೆ ಕೂರುತ್ತಾಳೆ. ನಾಲ್ಕು ವರ್ಷ ದೀಪದ ಕೆಳಗೆ ಎಳೆ ಎಣಿಸಿದ ಕಣ್ಣಿಗೆ ಎರಡು ಸಲ ಕನ್ನಡಕದ ಗಾಜು ಬದಲಾಗಿದೆ. ತಿಳಿ ಬಣ್ಣದ ಬಟ್ಟೆ ಮಾತ್ರ ತೆಗೆದುಕೊಳ್ಳುತ್ತಾಳೆ. ಕಪ್ಪು ತಂದವರನ್ನು ಬೇರೆ ಅಂಗಡಿಗೆ ಕಳಿಸುತ್ತಾಳೆ. ಗೆದ್ದಿದ್ದೀರಲ್ಲ ಎಂದು ಬೀದಿಯವರು ಹೇಳುತ್ತಾರೆ. ಹೌದು ಎನ್ನುತ್ತಾಳೆ.

ಹೋದ ವಾರ ತೀರ್ಪಿನ ನಕಲು ತರಲು ಬಂದಿದ್ದೆ. ಗಾಜಿನ ಪೆಟ್ಟಿಗೆಯ ಮುಂದೆ ಸಮವಸ್ತ್ರದ ಬಸ್ ಡ್ರೈವರ್ ಒಬ್ಬರು ನಿಂತಿದ್ದರು. ಪಕ್ಕದಲ್ಲಿ ಅವರ ಅಕ್ಕ, ಕಂಕುಳಲ್ಲಿ ಕಾಗದದ ಚೀಲ. ಇವತ್ತು ನನ್ನನ್ನು ಕೇಳುತ್ತಾರೋ ಇಲ್ಲವೋ, ಕೇಳದಿದ್ದರೆ ಎರಡು ಗಂಟೆಯ ಬಸ್ಸಿಗೆ ಹೋಗಬಹುದಿತ್ತು ಎಂದು ಆತ ನನ್ನನ್ನು ಕೇಳಿದರು. ನಾನು ಮೂರನೆಯ ಕಾಲಮ್ಮು ನೋಡಿದೆ. ಹದಿನೇಳು ಸಲದ ಅನುಭವ ಇರುವ ನನಗೂ ಹೇಳಲಾಗಲಿಲ್ಲ. ಈ ಪತ್ರ ಬರೆಯಲು ಕೂತದ್ದು ಅಂದು.

ನನ್ನ ಬೇಡಿಕೆ ದೊಡ್ಡದಲ್ಲ. ಹೊಸ ಕಟ್ಟಡ ಬೇಡ, ಮೆತ್ತನೆಯ ಬೆಂಚು ಬೇಡ, ಬೇಗ ತೀರ್ಪು ಕೊಡಿ ಎಂಬ ಅತಿಯಾಸೆಯೂ ಇಲ್ಲ. ಮೂರನೆಯ ಕಾಲಮ್ಮಿನಲ್ಲಿಯೂ, ಕಕ್ಷಿದಾರರಿಗೆ ಕೊಡುವ ದಿನಾಂಕದ ಚೀಟಿಯಲ್ಲಿಯೂ ಒಂದೊಂದು ಸಾಲು ಬರೆಯಿಸಿ. ‘ಇಂದು ದಾವೆಯನ್ನು ಸ್ವೀಕರಿಸುವುದು ಮಾತ್ರ, ನೀವು ಬರದಿದ್ದರೂ ನಡೆಯುತ್ತದೆ.’ ‘ಇಂದು ತಾತ್ಕಾಲಿಕ ಆದೇಶ, ಫೋಟೋ ಮತ್ತು ಕಾಗದ ತನ್ನಿ.’ ‘ಇಂದು ಸಂಧಾನ, ನೀವೇ ಮಾತಾಡಿ.’ ‘ಇಂದು ಸಾಕ್ಷ್ಯ, ಸಾಕ್ಷಿ ಇಲ್ಲದಿದ್ದರೆ ಅವಕಾಶ ಹೋಗುತ್ತದೆ.’ ‘ಇಂದು ವಕೀಲರ ವಾದ; ಕೇಳುವ ಆಸೆಯಿದ್ದರೆ ಬನ್ನಿ.’ ಇಂಥ ಸಾಲುಗಳ ಪೂರ್ತಿ ಕರಡನ್ನು ನಮ್ಮ ವಕೀಲರಿಗೆ ತೋರಿಸಿ ತಿದ್ದಿ ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಕಾಗುಣಿತದ ತಪ್ಪಿಲ್ಲವೆಂಬುದಕ್ಕೆ ನಾನು ಜಾಮೀನು. ಇದಕ್ಕೆ ಸಮಿತಿ ಬೇಕೆಂದೂ, ಸಮಿತಿಗೆ ಉಪಸಮಿತಿ ಬೇಕೆಂದೂ ತಮ್ಮ ಕಚೇರಿ ಹೇಳಬಹುದು. ಒಂದು ಪದವನ್ನು ಒಂದು ಸಾಲು ಮಾಡಲು ಎಷ್ಟು ಜನ ಬೇಕು ಎಂಬುದನ್ನು ಕಸುಬಿನವನಾಗಿ ನಾನು ಬಲ್ಲೆ. ಒಬ್ಬರು ಸಾಕು.

ಕೊನೆಯದಾಗಿ ಒಂದು ವಿನಂತಿ. ದಯವಿಟ್ಟು ಈ ಪತ್ರಕ್ಕೆ ಇನ್ನೊಂದು ದಿನಾಂಕ ಕೊಡಬೇಡಿ. ಉತ್ತರ ಕೊಡಿ.

ಇಂತಿ,
ಹದಿನೇಳು ವಿಚಾರಣೆಗಳಿಗೂ ತಪ್ಪದೆ ಹಾಜರಾದ, ಆದರೆ ಒಂದರಲ್ಲೂ ಯಾರೂ ಏನೂ ವಿಚಾರಿಸದ,
ವಾದಿಯ ಗಂಡ
(ಹಿಂದಿನ ಸಾಲು, ಬಲಗಡೆಯ ಕೊನೆಯ ಕುರ್ಚಿ)